ಕನ್ನಡ ಸಿನಿಮಾ ಕೊಳ್ಳದವರ ಲೆಕ್ಕ

ಗಾಂಧಿನಗರದಲ್ಲಿ ಈಗ ಯಾರನ್ನು ಮಾತಾಡಿಸಿದರೂ ಒಂದೇ ದೂರು: ಒಟಿಟಿಯವರು ಕನ್ನಡ ಸಿನಿಮಾ ಕೊಳ್ಳುತ್ತಿಲ್ಲ. ದೂರಿನ ಬೆನ್ನಿಗೇ ತೀರ್ಪೂ ಸಿದ್ಧವಾಗಿರುತ್ತದೆ. ಕನ್ನಡಿಗರೇ ಕನ್ನಡ ಸಿನಿಮಾ ನೋಡುವುದಿಲ್ಲ, ಇನ್ನು ಅವರು ಯಾಕೆ ಕೊಳ್ಳಬೇಕು? ಈ ಮಾತನ್ನು ಸಿನಿಮಾದವರು ಹೇಳುತ್ತಾರೆ, ಪತ್ರಿಕೆಯವರು ಬರೆಯುತ್ತಾರೆ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತವರೂ ತಲೆಯಾಡಿಸುತ್ತಾರೆ. ನನಗೆ ಇದು ಜನರ ಮೇಲೆ ಹೊರಿಸಿದ ಸುಳ್ಳು ಅಪವಾದವಾಗಿ ಕಾಣುತ್ತದೆ. ಚಂದಾ ವ್ಯಾಪಾರದ ಒಂದು ಲೆಕ್ಕಾಚಾರವನ್ನು ನಾವು ಭಾಷಾಭಿಮಾನದ ಕೊರತೆ ಎಂದು ಓದಿಕೊಂಡಿದ್ದೇವೆ.

ನೋಡುವುದಿಲ್ಲ ಎಂಬುದು ನಿಜವೇ? 2025ರ ಜುಲೈನಲ್ಲಿ ತೆರೆಕಂಡ ‘ಸು ಫ್ರಮ್ ಸೋ’ ನೆನಪಿಸಿಕೊಳ್ಳಿ. ದೊಡ್ಡ ತಾರೆಯಿಲ್ಲ, ದೊಡ್ಡ ಪ್ರಚಾರವೂ ಇಲ್ಲ. ಕರಾವಳಿಯ ಒಂದು ಊರು, ಅಲ್ಲಿನ ಆಡುಮಾತು, ಜೆ.ಪಿ. ತುಮಿನಾಡು ಅವರ ನಿರ್ದೇಶನ. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಟಿಕೆಟ್ಟಿಗೆ ಪರದಾಡುವ ಸ್ಥಿತಿ ಬಂತು. ಒಂದು ಗೆಲುವಿನಿಂದ ಏನೂ ಸಾಬೀತಾಗುವುದಿಲ್ಲ ಎನ್ನುವವರು ಸಂಜೆ ಏಳು ಗಂಟೆಗೆ ರಾಜ್ಯದ ಯಾವುದೇ ಬೀದಿಯಲ್ಲಿ ನಡೆದುಹೋಗಲಿ. ಮನೆಮನೆಯಿಂದ ಕೇಳುವುದು ಕನ್ನಡ ಸೀರಿಯಲ್‌ನ ಶೀರ್ಷಿಕೆ ಗೀತೆ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ, ಎಲ್ಲ ವಾಹಿನಿಗಳೂ ರಾತ್ರಿ ಹತ್ತರವರೆಗೆ ಹೊಸ ಕಂತುಗಳನ್ನು ಸಾಲಾಗಿ ಹಾಕುತ್ತವೆ. ಕಥೆ ಬರೆಯುವವರು, ಕ್ಯಾಮೆರಾ ಹಿಡಿಯುವವರು, ಮೇಕಪ್‌ನವರು, ಲೈಟ್‌ ಹುಡುಗರು, ಎಷ್ಟೊಂದು ಕನ್ನಡ ಕುಟುಂಬಗಳ ಒಲೆ ಉರಿಯುವುದು ಇದರಿಂದಲೇ.

ಹಾಗಾದರೆ ಟಿ.ವಿ.ಯಲ್ಲಿ ಬೆಲೆಯಿರುವ ಭಾಷೆಗೆ ಒಟಿಟಿಯಲ್ಲಿ ಬೆಲೆ ಇಲ್ಲವೇಕೆ? ದುಡ್ಡು ಕೊಡುವವರು ಬೇರೆ ಎಂಬುದೇ ಉತ್ತರ.

1976ರ ಜನವರಿ 1ರಂದು ದೂರದರ್ಶನ ಜಾಹೀರಾತಿಗೆ ಬಾಗಿಲು ತೆರೆಯಿತು. 1984ರಲ್ಲಿ ಮ್ಯಾಗಿಯ ಪ್ರಾಯೋಜಕತ್ವದಲ್ಲಿ ‘ಹಮ್ ಲೋಗ್’ ಬಂತು. ಭಾರತದ ಸೀರಿಯಲ್ ಎಂಬ ಉದ್ಯಮ ಹುಟ್ಟಿದ್ದು ಹೀಗೆ, ಪೊಟ್ಟಣದ ಸಾಮಾನು ಮಾರುವವರ ದುಡ್ಡಿನಲ್ಲಿ. 1994ರಲ್ಲಿ ಉದಯ ಟಿ.ವಿ. ಆರಂಭವಾದಾಗ ಅದೇ ದುಡ್ಡು ಕನ್ನಡಕ್ಕೂ ಹರಿಯಿತು. ಸೋಪಿನ ಕಂಪನಿಗೆ ಬೇಕಾದವಳು ಗದಗದ ಗೃಹಿಣಿ. ಆಕೆ ಕೆಲಸ ಮುಗಿಸಿ ಕೂತು ನೋಡುವುದು ಕನ್ನಡದ್ದನ್ನು. ಹಾಗಾಗಿ ಕನ್ನಡ ವಾಹಿನಿಯ ಹತ್ತು ಸೆಕೆಂಡಿಗೆ ಅದರದ್ದೇ ದರ, ಅದರದ್ದೇ ಟಿಆರ್‌ಪಿ. ಆಕೆಗೆ ಹಿಂದಿಯೂ ಅರ್ಥವಾಗುತ್ತದೆಯೇ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಜಾಹೀರಾತನ್ನು ಬೈದು ಬೆಳೆದ ಪೀಳಿಗೆ ನಮ್ಮದು. ಆದರೂ ಕನ್ನಡದ ಹೊತ್ತಿಗೆ ಒಂದು ಬೆಲೆ ಕಟ್ಟಿದ್ದು ಅದೇ ಜಾಹೀರಾತು ಎಂದು ಒಪ್ಪಿಕೊಳ್ಳಬೇಕು. ಅದಕ್ಕೆ ತೆತ್ತದ್ದೂ ಸಣ್ಣದಲ್ಲ. ಟಿಆರ್‌ಪಿಗಾಗಿ ಕಥೆಯನ್ನು ರಬ್ಬರಿನಂತೆ ಎಳೆದರು, ಅತ್ತೆ ಸೊಸೆಯರನ್ನು ವರ್ಷಗಟ್ಟಲೆ ಕಾದಾಡಿಸಿದರು.

ಡಬ್ಬಿಂಗ್‌ ಇರಲಿಲ್ಲ, ಅದಕ್ಕೇ ಕನ್ನಡ ಸೀರಿಯಲ್‌ ಉಳಿಯಿತು ಎಂದು ವಾದಿಸುವವರಿದ್ದಾರೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಕನ್ನಡಕ್ಕೆ ಡಬ್ ಆದ ‘ಮಹಾಭಾರತ’ವನ್ನು ಮನೆಮಂದಿಯೆಲ್ಲ ಕೂತು ನೋಡಿದರು. ಅದರ ನಂತರವೂ ಸಂಜೆಯ ಹೊತ್ತು ಇಲ್ಲೇ ಹುಟ್ಟಿದ ಕಥೆಗಳ ಕೈತಪ್ಪಲಿಲ್ಲ.

ಇನ್ನು ಚಂದಾ ವ್ಯಾಪಾರ. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದು 2016ರ ಜನವರಿಯಲ್ಲಿ, ಪ್ರೈಮ್ ವಿಡಿಯೋ ಅದೇ ವರ್ಷದ ಡಿಸೆಂಬರ್‌ನಲ್ಲಿ. ಚಂದಾ ನಂಬಿದವರು ಒಂದು ಸಿನಿಮಾ ಕೊಳ್ಳುವ ಮುಂಚೆ ಕೇಳಿಕೊಳ್ಳುವುದು ಎರಡು ಪ್ರಶ್ನೆ. ಇದಕ್ಕಾಗಿ ಹೊಸಬರು ಚಂದಾ ಕಟ್ಟುತ್ತಾರೆಯೇ? ಇದಿಲ್ಲದಿದ್ದರೆ ಇರುವವರು ಬಿಟ್ಟು ಹೋಗುತ್ತಾರೆಯೇ? ಈಗ ಬೆಂಗಳೂರಿನ ಒಂದು ಕನ್ನಡ ಮನೆಯನ್ನು ಯೋಚಿಸಿ. ಮಗನಿಗೆ ಇಂಗ್ಲಿಷ್ ಸರಣಿ, ಸೊಸೆಗೆ ತೆಲುಗು, ಅಪ್ಪನಿಗೆ ಹಳೆಯ ಹಿಂದಿ ಸಿನಿಮಾ, ಎಲ್ಲರಿಗೂ ಕ್ರಿಕೆಟ್. ಈ ಮನೆ ಆಗಲೇ ಚಂದಾ ಕಟ್ಟಿದೆ. ಅಲ್ಲಿ ಒಂದು ಕನ್ನಡ ಚಿತ್ರ ಸೇರಿಸಿದರೆ ಮನೆಮಂದಿ ಖುಷಿಯಿಂದ ನೋಡುತ್ತಾರೆ, ಆದರೆ ಹೊಸದಾಗಿ ಒಂದು ರೂಪಾಯಿಯೂ ಬರುವುದಿಲ್ಲ. ತೆಗೆದುಹಾಕಿದರೆ ಬೇಸರಪಡುತ್ತಾರೆ, ಚಂದಾ ನಿಲ್ಲಿಸುವುದಿಲ್ಲ. ನಾಲ್ಕು ಭಾಷೆ ಬಲ್ಲ ಕನ್ನಡಿಗನ ಔದಾರ್ಯವೇ ಅವನ ಸ್ವಂತ ಭಾಷೆಯ ದರ ಇಳಿಸಿತು. ನಮ್ಮನ್ನು ನಾವೇ ಬೈದುಕೊಳ್ಳುವ ಹೊತ್ತಿನಲ್ಲಿ ಈ ಲೆಕ್ಕವನ್ನು ಯಾರೂ ಎತ್ತಿ ಹೇಳುತ್ತಿಲ್ಲ ಎಂಬುದೇ ನನ್ನ ಸಂಕಟ.

ಲಾಕ್‌ಡೌನ್ ಹೊತ್ತಿನಲ್ಲಿ ಸ್ವಲ್ಪ ಆಸೆ ಚಿಗುರಿತ್ತು. 2020ರ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್‌ನಲ್ಲಿ ಬಂದವು. ಥಿಯೇಟರ್ ಮುಚ್ಚಿದ್ದಾಗ ಅಂಗಡಿಯಲ್ಲಿ ಹೊಸ ಸರಕು ಬೇಕಿತ್ತು, ಕೊಂಡರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಏನಾಯಿತು ನೋಡಿ. ರಕ್ಷಿತ್ ಶೆಟ್ಟಿ ನಿರ್ಮಾಣದಲ್ಲಿ ಕರಾವಳಿಯ ಏಳು ಕಥೆಗಳ ‘ಏಕಂ’ ಸಿದ್ಧವಾಗಿ ಕೂತಿತ್ತು. ಹೆಸರಿದ್ದ ನಟ, ಗೆದ್ದ ನಿರ್ಮಾಪಕ, ಶ್ರದ್ಧೆಯಿಂದ ಮಾಡಿದ ಕೆಲಸ. ಆದರೂ ಯಾವ ವೇದಿಕೆಯೂ ಕೈ ಹಿಡಿಯಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣ ಕಟ್ಟಿ 149 ರೂಪಾಯಿಗೆ ತೋರಿಸಿದರು. ಒಂದು ಸರಣಿಗಾಗಿ ಒಂದು ಅಂಗಡಿಯನ್ನೇ ಕಟ್ಟಬೇಕಾದ ಸ್ಥಿತಿ ನನ್ನ ಮಟ್ಟಿಗೆ ಕನ್ನಡ ಕಲಾವಿದರಿಗೆ ಆದ ಅವಮಾನ.

ಮಲಯಾಳಕ್ಕೆ ಸಿಕ್ಕಿತಲ್ಲ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಕೊಲ್ಲಿ ದೇಶಗಳಲ್ಲಿ ಹಬ್ಬಿರುವ ಮಲಯಾಳಿಗಳು ಮಲಯಾಳಕ್ಕಾಗಿಯೇ ಚಂದಾ ಕಟ್ಟುವ ಗಿರಾಕಿಗಳು, ಅದು ಅವರ ಬಲ. ಹಾಗಿದ್ದೂ 2021ರಲ್ಲಿ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಮೊದಲು ಬಂದದ್ದು ನೀಸ್ಟ್ರೀಮ್ ಎಂಬ ಪುಟ್ಟ ವೇದಿಕೆಯಲ್ಲಿ. ಜನ ಮೆಚ್ಚಿದ ಮೇಲೆ ಪ್ರೈಮ್ ತೆಗೆದುಕೊಂಡಿತು.

ಈ ಲೆಕ್ಕ ಕಥೆಯ ಒಳಕ್ಕೂ ನುಗ್ಗುತ್ತದೆ. ‘ಕೆಜಿಎಫ್’ ಮತ್ತು ‘ಕಾಂತಾರ’ ಹಿಂದಿಯಲ್ಲೂ ಓಡಿದ ಮೇಲೆ ಕನ್ನಡ ಚಿತ್ರದ ಡಿಜಿಟಲ್ ಹಕ್ಕು ಮಾರಲು ಕೂತವರು ಮೊದಲು ಹಿಂದಿ ಅವತರಣಿಕೆಯ ಮಾತೆತ್ತುತ್ತಾರೆ. ‘ಕಾಂತಾರ’ ಹುಟ್ಟಿದ್ದು ಊರಿನ ನೆಲದಿಂದ, ಲೆಕ್ಕದಿಂದಲ್ಲ. ಆದರೆ ಅದರ ಹಿಂದೆ ಹೊರಟವರು ಊರನ್ನೇ ಬಿಟ್ಟರು. ತುಮಕೂರಿನ ಒಬ್ಬ ಮೇಷ್ಟ್ರ ಕಥೆ, ರಾಯಚೂರಿನ ಒಂದು ಜಗಳ, ಮಲೆನಾಡಿನ ಒಂದು ತಿಥಿ ಊಟ, ಇವಕ್ಕೆಲ್ಲ ಹಿಂದಿ ಹಕ್ಕಿನ ಗಿರಾಕಿ ಇಲ್ಲ. ಹೀಗೆ ಬರೆಯುವ ಮೊದಲೇ ಕೈಬಿಟ್ಟ ಚಿತ್ರಕಥೆಗಳು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಈಗ ಜಾಹೀರಾತು ಹಿಂದಿರುಗಿದೆ. ನೆಟ್‌ಫ್ಲಿಕ್ಸ್ 2022ರಲ್ಲಿ ಚಂದಾದಾರರನ್ನು ಕಳೆದುಕೊಂಡು, ಅದೇ ವರ್ಷ ಅಮೆರಿಕದಂಥ ದೇಶಗಳಲ್ಲಿ ಜಾಹೀರಾತಿರುವ ಅಗ್ಗದ ಚಂದಾ ತಂದಿತು. ಪ್ರೈಮ್ ವಿಡಿಯೋ ನಮ್ಮಲ್ಲಿ 2025ರ ಜೂನ್ 17ರಿಂದ ಜಾಹೀರಾತು ಶುರುಮಾಡಿತು. ಬೇಡವೆಂದರೆ ವರ್ಷಕ್ಕೆ 699 ರೂಪಾಯಿ ಹೆಚ್ಚಿಗೆ. ಪ್ರೇಕ್ಷಕರಿಗೆ ಮೋಸ ಎಂಬ ಕೂಗು ಎದ್ದಿತು. ದುಡ್ಡು ಕೊಟ್ಟ ಮೇಲೂ ಜಾಹೀರಾತು ತೋರಿಸುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಕೂಗು ಅಲ್ಲಿಗೇ ನಿಂತರೆ ಕನ್ನಡದ ಮಟ್ಟಿಗೆ ಮುಖ್ಯವಾದದ್ದನ್ನು ಕೈಬಿಟ್ಟಂತೆ.

ಕ್ರಿಕೆಟ್‌ ನೋಡಿ. 2022ರ ಹರಾಜಿನಲ್ಲಿ ವಯಾಕಾಮ್‌18 ಐಪಿಎಲ್‌ನ ಐದು ವರ್ಷಗಳ ಡಿಜಿಟಲ್ ಹಕ್ಕಿಗೆ 23,758 ಕೋಟಿ ರೂಪಾಯಿ ಸುರಿಯಿತು. ಭಾರತದ ಟಿ.ವಿ. ಹಕ್ಕಿಗಿಂತಲೂ ಅದು ಹೆಚ್ಚು. ಮರುವರ್ಷ ಜಿಯೋಸಿನಿಮಾದಲ್ಲಿ ಪಂದ್ಯಗಳನ್ನು ಬಿಟ್ಟಿಯಾಗಿ ತೋರಿಸಿ ಜಾಹೀರಾತಿನಿಂದ ದುಡ್ಡು ಎತ್ತಲು ಹೊರಟಾಗ ಕನ್ನಡ ಕಾಮೆಂಟರಿಯೂ ಇತ್ತು. ಚಂದಾ ಕೇಳಿದಾಗ ಕನ್ನಡಿಗ ಹೇಗೂ ಬರುವವನು. ಜಾಹೀರಾತು ಮಾರುವಾಗ ಮಾತ್ರ ಅವನು ಯಾವ ಭಾಷೆಯಲ್ಲಿ ಕೂತಿದ್ದಾನೆ ಎಂಬುದಕ್ಕೆ ಬೆಲೆ.

ಆ ಬೆಲೆ ತಾನಾಗಿ ಸಿಗುವುದಿಲ್ಲ. ಟಿ.ವಿ. ಜಾಹೀರಾತು ಕಾರ್ಯಕ್ರಮಕ್ಕೆ ಅಂಟಿಕೊಂಡಿತ್ತು, ಒಟಿಟಿ ಜಾಹೀರಾತು ನೋಡುವವನ ವಯಸ್ಸು, ಪಿನ್‌ಕೋಡ್, ಫೋನಿನ ಬೆಲೆಗೆ ಅಂಟಿಕೊಂಡಿದೆ. ಅವನು ನೋಡುತ್ತಿರುವುದು ಕನ್ನಡವೋ ಕೊರಿಯನ್ನೋ ಎಂಬುದನ್ನು ಗಣಿಸದೆಯೂ ಅವನನ್ನು ಮಾರಬಹುದು. ಆದ್ದರಿಂದ ಚಲನಚಿತ್ರ ವಾಣಿಜ್ಯ ಮಂಡಳಿ ಕೇಳಬೇಕಾದದ್ದು ಸಬ್ಸಿಡಿ ಒಂದನ್ನೇ ಅಲ್ಲ. ಕನ್ನಡ ಚಿತ್ರಗಳನ್ನು ಜನ ಎಷ್ಟು ನಿಮಿಷ ನೋಡಿದರು, ಆ ನಿಮಿಷಗಳಲ್ಲಿ ಎಷ್ಟು ಜಾಹೀರಾತು ಮಾರಾಟವಾಯಿತು, ನಿರ್ಮಾಪಕರಿಗೆ ಸೇರಿದ್ದೆಷ್ಟು, ಇದನ್ನು ವೇದಿಕೆಗಳು ಬಹಿರಂಗಪಡಿಸಬೇಕೆಂದು ಪಟ್ಟು ಹಿಡಿಯಬೇಕು. ಟಿ.ವಿ.ಗೆ ವಾರವಾರ ಟಿಆರ್‌ಪಿ ಇರುವಾಗ ಇಲ್ಲಿ ಮಾತ್ರ ನಿರ್ಮಾಪಕರು ಕತ್ತಲಲ್ಲಿ ಕೈ ಚಾಚಿ ನಿಲ್ಲಬೇಕೇಕೆ? ನಮ್ಮ ಊರಿನ ಚಿನ್ನದಂಗಡಿ, ಸೀರೆ ಅಂಗಡಿ, ಅಡುಗೆ ಎಣ್ಣೆಯವರು ಕನ್ನಡ ಚಿತ್ರದ ಮಧ್ಯದ ಜಾಗವನ್ನೇ ಕೇಳಿ ಕೊಳ್ಳುವಂತಾಗಬೇಕು.

ಮೊನ್ನೆ ಮನೆಯಲ್ಲಿ ಅಮ್ಮನ ಜೊತೆ ಒಂದು ಕನ್ನಡ ಸಿನಿಮಾ ನೋಡುತ್ತಿದ್ದೆ. ನಡುವೆ ಮೂರು ಸಲ ಜಾಹೀರಾತು ಬಂತು, ಮೂರೂ ಹಿಂದಿಯಲ್ಲಿ. ಅಮ್ಮನಿಗೆ ಹಿಂದಿ ಬಾರದು. ಮೂರನೆಯ ಸಲ “ಇವ್ರು ಯಾರ ಹತ್ರ ಮಾತಾಡ್ತಿದಾರೆ?” ಎಂದು ಕೇಳಿದರು.