ಸ್ವಭಾವದ ಚೀಟಿ ಮತ್ತು ಭಾಷಾ ಶಿಕ್ಷಕರ ಆಯ್ಕೆ

ಮನುಷ್ಯರ ವ್ಯಕ್ತಿತ್ವವನ್ನು ನಾಲ್ಕು ಅಕ್ಷರಗಳಲ್ಲಿ ಹಿಡಿದುಕೊಡುವುದಾಗಿ ಹೇಳುವ ಮೈಯರ್ಸ್-ಬ್ರಿಗ್ಸ್ ಪ್ರಶ್ನಾವಳಿಗೆ ಕಂಪನಿಗಳ ಎಚ್‌ಆರ್ ವಲಯದಲ್ಲಿ ದೊರೆತಿರುವ ಮನ್ನಣೆ ಅದರ ಯೋಗ್ಯತೆಗೆ ಮೀರಿದ್ದು. ಐಟಿ ಉದ್ಯೋಗಿಗಳ ಮಕ್ಕಳೇ ತುಂಬಿರುವ, ಬೆಂಗಳೂರಿನ ವರ್ತೂರು, ಗುಂಜೂರು, ವೈಟ್‌ಫೀಲ್ಡ್ ಕಡೆಯ ಖಾಸಗಿ ಶಾಲೆಗಳು ಕನ್ನಡ ಶಿಕ್ಷಕರನ್ನು ಆರಿಸುವಾಗಲೂ ಅದೇ ಅಳತೆಗೋಲನ್ನು ಹಿಡಿಯುವುದಾದರೆ, ನಷ್ಟ ಅಭ್ಯರ್ಥಿಗಿಂತ ಹೆಚ್ಚಾಗಿ ಮಕ್ಕಳಿಗೆ.

ಈ ಪ್ರಶ್ನಾವಳಿಯ ಹಿನ್ನೆಲೆ ಬಲ್ಲವರಿಗೆ ಹೊಸದಲ್ಲ. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮುಂದಿಟ್ಟ ಸ್ವಭಾವ ವಿಂಗಡಣೆಯನ್ನು ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಹದಿನಾರು ವಿಧಗಳಾಗಿ ಹಿಗ್ಗಿಸಿದರು. 1962ರಲ್ಲಿ ಅದರ ಕೈಪಿಡಿ ಪ್ರಕಟವಾಯಿತು. ಐದು ವಾರಗಳ ಅಂತರದಲ್ಲಿ ಮತ್ತೆ ಉತ್ತರಿಸಿದವರಲ್ಲಿ ಅರ್ಧದಷ್ಟು ಮಂದಿಯವರೆಗೆ ಬೇರೊಂದು ವಿಧಕ್ಕೆ ಜಾರಬಹುದೆಂಬುದನ್ನು ಮನೋವಿಜ್ಞಾನಿ ಡೇವಿಡ್ ಪಿಟೆಂಜರ್ 1993ರಲ್ಲಿ ಎತ್ತಿ ತೋರಿಸಿದರು. ನೇಮಕಾತಿಯಲ್ಲಿ ಅಭ್ಯರ್ಥಿಗಳನ್ನು ಸೋಸಲು ಇದನ್ನು ಬಳಸಬಾರದೆಂದು ಅದನ್ನು ಮಾರುವವರೇ ಹೇಳುತ್ತಾರೆ. ಮಾರುವವನೇ ಬೇಡವೆಂದ ಮೇಲೂ ಕೊಳ್ಳುವವನು ಹಟ ಹಿಡಿಯುವುದು ಸಂತೆಯಲ್ಲಿ ಅಪರೂಪದ ದೃಶ್ಯ.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಈ ವಿಂಗಡಣೆಯ ಮೊದಲ ಜೋಡಿಯನ್ನು. ಜನರ ಒಡನಾಟದಲ್ಲಿ ಹುರುಪು ಪಡೆಯುವವರು ಬಹಿರ್ಮುಖಿಗಳು, ಏಕಾಂತದಲ್ಲಿ ಪಡೆಯುವವರು ಅಂತರ್ಮುಖಿಗಳು ಎಂಬುದು ಅದರ ವಿವರಣೆ. ಕನ್ನಡಕ್ಕೆ ಬಂದ ಕೂಡಲೇ ಈ ಪದಗಳ ತೂಕ ಅದಲುಬದಲಾಗುತ್ತದೆ. ಇಂದ್ರಿಯಗಳನ್ನು ಒಳಕ್ಕೆ ತಿರುಗಿಸಿಕೊಂಡ ಸಾಧಕನನ್ನು ಯೋಗ ಮತ್ತು ವೇದಾಂತದ ಪರಿಭಾಷೆ ಅಂತರ್ಮುಖಿ ಎಂದು ಕರೆಯುವುದರಿಂದ ಅದು ಇಲ್ಲಿ ಹೊಗಳಿಕೆ. ಬಹಿರ್ಮುಖಿ ಎಂದರೆ ವಿಷಯಗಳ ಬೆನ್ನು ಹತ್ತಿದವನು. ಸಂದರ್ಶನದ ಕೊಠಡಿಯಲ್ಲಾದರೋ ಮೊದಲನೆಯದು ಕೊರತೆ, ಎರಡನೆಯದು ಅರ್ಹತೆ. ಒಂದೇ ಪದ ಎರಡು ಮನೆಗಳಲ್ಲಿ ಎರಡು ಬೆಲೆಗೆ ಮಾರಾಟವಾಗುವಾಗ, ಅದಕ್ಕೆ ಟಿಕ್ ಹಾಕಿದ ಅಭ್ಯರ್ಥಿ ತನ್ನ ಸ್ವಭಾವವನ್ನು ಹೇಳಿಕೊಂಡನೋ ತಾನು ಬೆಳೆದ ಸಂಸ್ಕಾರವನ್ನೋ ಎಂದು ಬಿಡಿಸುವ ಉಪಾಯ ಆ ಪ್ರಶ್ನಾವಳಿಯಲ್ಲಿಲ್ಲ.

ಅದನ್ನೂ ಬದಿಗಿಟ್ಟು ಬಹಿರ್ಮುಖತೆ ನಿಜಕ್ಕೂ ಅಳತೆಗೆ ಸಿಕ್ಕಿತೆಂದೇ ಇಟ್ಟುಕೊಂಡರೂ, ಭಾಷೆಯ ತರಗತಿಯಲ್ಲಿ ಅದರ ಲಾಭ ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇತಿಹಾಸದ ಪಾಠದಲ್ಲಿ ಮೇಷ್ಟರ ಮಾತುಗಾರಿಕೆ ಪಾಠದ ಬಹುಭಾಗವಾದೀತು. ಆದರೆ ಭಾಷೆಯ ಪಾಠದಲ್ಲಿ ಮಾತಾಡಬೇಕಾದವರು ಮಕ್ಕಳು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮೂವತ್ತು ನಿಮಿಷ ತಾವೇ ಲವಲವಿಕೆಯಿಂದ ಮಾತಾಡಿದ ಶಿಕ್ಷಕಿ ಡೆಮೊ ಪಾಠದಲ್ಲಿ ಮೆಚ್ಚುಗೆ ಗಳಿಸುತ್ತಾರೆ, ಆದರೆ ಅಷ್ಟೂ ಹೊತ್ತು ಮಗುವಿನ ಬಾಯಿಂದ ಒಂದು ಕನ್ನಡ ವಾಕ್ಯವೂ ಹೊರಟಿರುವುದಿಲ್ಲ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದಾಗಿ ಈ ಭಾಗದ ಶಾಲೆಗಳಲ್ಲಿ ಕನ್ನಡ ಕಲಿಯುವ ಮಕ್ಕಳಲ್ಲಿ ಅನೇಕರ ಮನೆಮಾತು ಹಿಂದಿ, ಬಂಗಾಳಿ, ತಮಿಳು ಅಥವಾ ತೆಲುಗು. ಹಿಂದಿಯಲ್ಲಿ ಳಕಾರವಿಲ್ಲವಾದ್ದರಿಂದ 'ಹಾಳು' 'ಹಾಲು' ಆಗುತ್ತದೆ. ಹ್ರಸ್ವ ಒಕಾರವಿಲ್ಲವಾದ್ದರಿಂದ 'ಕೊಡು' 'ಕೋಡು' ಆಗುತ್ತದೆ. ತಮಿಳು ಲಿಪಿ ಕ-ಗಗಳನ್ನು ಒಂದೇ ಅಕ್ಷರದಲ್ಲಿ ಬರೆಯುವುದರಿಂದ ಆ ಮನೆಯ ಮಗು ಬರಹದಲ್ಲಿ ಎಡವುತ್ತದೆ. ವರ್ತೂರೆಂಬ ಊರಿನ ಹೆಸರೇ ಇಂಗ್ಲಿಷ್ ಕಾಗುಣಿತದ ದೆಸೆಯಿಂದ ಎಷ್ಟೋ ಬಾಯಲ್ಲಿ 'ವರ್ಥೂರ್' ಆಗಿರುವಾಗ ಮಕ್ಕಳನ್ನು ದೂರಿ ಫಲವಿಲ್ಲ. ಯಾವ ತಪ್ಪು ಯಾವ ಮನೆಮಾತಿನಿಂದ ಬಂತೆಂದು ಕಿವಿಗೊಟ್ಟು ಹಿಡಿಯುವ ಶಕ್ತಿಯೇ ಇಲ್ಲಿ ಶಿಕ್ಷಕರ ಬಂಡವಾಳ. 'ನನಗೆ ಬೇಕು' ಎಂಬ ವಾಕ್ಯ ಕಲಿಸುವಾಗ, ಇದೇ ಕಟ್ಟು ಹಿಂದಿಯಲ್ಲೂ ಇರುವುದರಿಂದ ಮಗುವಿಗೆ ಅರ್ಧ ಪಾಠ ಆಗಲೇ ಬಂದಿದೆ ಎಂದು ಗುರುತಿಸುವುದೂ ಅದೇ ಶಕ್ತಿ. ಹದಿನಾರು ವಿಧಗಳಲ್ಲಿ ಯಾವುದೂ ಈ ಶಕ್ತಿಯ ಹೆಸರಲ್ಲ.

ಸ್ವಭಾವದ ಪರವಾಗಿ ವಾದಿಸುವವರು ಮೆಡಲೀನ್ ಎರ್‌ಮನ್ ಮತ್ತು ರೆಬೆಕಾ ಆಕ್ಸ್‌ಫರ್ಡ್ ಅವರ ಅಧ್ಯಯನಗಳನ್ನು ಮುಂದೆ ಮಾಡುವುದುಂಟು. 1980ರ ದಶಕದ ಕೊನೆಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯಲ್ಲಿ ನಡೆದ ಆ ಕೆಲಸ ಗಂಭೀರವಾದದ್ದೇ. ಆದರೆ ಅದು ಪರಿಶೀಲಿಸಿದ್ದು ವಯಸ್ಕರು ಭಾಷೆಯನ್ನು ಕಲಿಯುವ ತಂತ್ರಗಳನ್ನು, ಕಲಿಸುವ ಸಾಮರ್ಥ್ಯವನ್ನಲ್ಲ. ವಿಧಗಳನ್ನು ಬಿಟ್ಟು ಗುಣಗಳ ಏರಿಳಿತವನ್ನು ಅಳೆಯುವ ಪಂಚಗುಣ ಮಾದರಿ ಇದಕ್ಕಿಂತ ಮೇಲು, ನಿಜ. ಆದರೂ ಅಲ್ಲಿಯೂ ಶಿಕ್ಷಕರ ವ್ಯಕ್ತಿತ್ವಕ್ಕೂ ಬೋಧನೆಯ ಫಲಕ್ಕೂ ಇರುವ ನಂಟು ಸಣ್ಣದೆಂದೇ ಕ್ಲಾಸೆನ್ ಮತ್ತು ತ್ಸೆ 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡರು.

ಇನ್ನು ಈ ಪ್ರಶ್ನಾವಳಿಯನ್ನು ಗಿಳಿಶಾಸ್ತ್ರವೆಂದು ನಕ್ಕು ತಳ್ಳಿಹಾಕುವ ವಿಮರ್ಶಕರ ಬಗೆಗೂ ಒಂದು ಮಾತು ಅಗತ್ಯ, ಏಕೆಂದರೆ ಅವರಲ್ಲಿ ಹಲವರು ಮುಂಬಾಗಿಲಲ್ಲಿ ಓಡಿಸಿದ್ದನ್ನು ಹಿತ್ತಿಲಿನಿಂದ ಕರೆದುಕೊಳ್ಳುತ್ತಾರೆ. ಶಿಕ್ಷಕರು ಹುಟ್ಟಿನಿಂದ ಆಗಬೇಕೇ ಹೊರತು ತರಬೇತಿಯಿಂದಲ್ಲ ಎಂಬುದು ಅವರ ನೆಚ್ಚಿನ ವಾದ. ಅದೂ ವಿಧಗಳ ಸಿದ್ಧಾಂತವೇ. ಹದಿನಾರರ ಬದಲು ಎರಡು ವಿಧಗಳು, ಅಷ್ಟೇ ವ್ಯತ್ಯಾಸ. ಈ ವಾದಕ್ಕೆ ಆಧಾರವಾಗಿ ಹಳೆಯ ಮೈಸೂರಿನ ದೊಡ್ಡ ಮೇಷ್ಟರುಗಳನ್ನು ಕರೆತರುವ ರೂಢಿಯೂ ಸಡಿಲವಾದದ್ದು. ಬಿ.ಎಂ. ಶ್ರೀಕಂಠಯ್ಯನವರನ್ನು 'ಕನ್ನಡದ ಕಣ್ವ' ಎಂದೂ ಎ.ಆರ್. ಕೃಷ್ಣಶಾಸ್ತ್ರಿಗಳನ್ನು 'ಕನ್ನಡದ ಸೇನಾನಿ' ಎಂದೂ ನಾಡು ಕರೆಯಿತು. ಸಾಕಿ ಬೆಳೆಸಿದವನು ಒಬ್ಬ, ದಂಡು ಕಟ್ಟಿ ನಡೆಸಿದವನು ಇನ್ನೊಬ್ಬ ಎಂಬುದಷ್ಟೇ ಆ ಬಿರುದುಗಳ ಇಂಗಿತ. ಅವು ಮಾಡಿದ ಕೆಲಸವನ್ನು ಹೆಸರಿಸಿದವು, ಹುಟ್ಟುಗುಣವನ್ನಲ್ಲ. ಶಿಕ್ಷಕರನ್ನು ನೆನೆಯುವ ಈ ಪದ್ಧತಿ ನೇಮಿಸುವ ಪದ್ಧತಿಗೂ ಒಗ್ಗುತ್ತದೆ.

ಮಗುವನ್ನು ಕಂಡರೆ ಸಿಡಿಮಿಡಿಗೊಳ್ಳುವವರು ತರಗತಿಗೆ ತಕ್ಕವರಲ್ಲ ಎಂಬುದರಲ್ಲಿ ತಕರಾರಿಲ್ಲ. ಅದನ್ನು ಕಂಡುಕೊಳ್ಳಲು ನಾಲ್ಕು ಅಕ್ಷರಗಳ ಚೀಟಿ ಬೇಕಿಲ್ಲ. ಮುಂದಿನ ನೇಮಕಾತಿಯಲ್ಲಿ ಶಾಲೆಗಳು ಆ ಪ್ರಶ್ನಾವಳಿಯ ಅರ್ಧ ಗಂಟೆಯನ್ನು ಉಳಿಸಿ, ಬೇರೆ ಮನೆಮಾತಿನ ಮಗುವೊಂದು ಬರೆದ ಒಂದು ಪುಟ ಕನ್ನಡವನ್ನು ಅಭ್ಯರ್ಥಿಯ ಕೈಗಿಟ್ಟು, ಎಲ್ಲ ತಪ್ಪುಗಳನ್ನೂ ಗುರುತಿಸಲು ಮತ್ತು ಅವುಗಳಲ್ಲಿ ಮೊದಲು ತಿದ್ದುವುದು ಯಾವುದು, ಏಕೆ ಎಂದು ವಿವರಿಸಲು ಕೇಳಲಿ.