ಅಂಚಿನಲ್ಲಿ ಕೂತ ತಕರಾರು

2002ರಲ್ಲಿ ಲಾಸ್ ವೇಗಸ್ಸಿನ ಸ್ಟ್ರಾಟೊಸ್ಫಿಯರ್ ಗೋಪುರದಿಂದ ಬಿದ್ದು ಹದಿನಾರರ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಆ ಸಾವಿನ ಬಗ್ಗೆ ಜಾನ್ ಡಗಾಟ ಬರೆದ ಪ್ರಬಂಧವನ್ನು ಹಾರ್ಪರ್ಸ್ ಪತ್ರಿಕೆ ಸಂಗತಿಗಳು ಸರಿಯಿಲ್ಲವೆಂದು ಕೈಬಿಟ್ಟಿತು. ಮುಂದೆ ಅದನ್ನು ತೆಗೆದುಕೊಂಡ ದಿ ಬಿಲೀವರ್, ತಪಾಸಣೆಯ ಕೆಲಸವನ್ನು ಜಿಮ್ ಫಿಂಗಲ್ ಎಂಬ ತರುಣನಿಗೆ ವಹಿಸಿತು. ಇಬ್ಬರ ಜಗಳವೇ 2012ರಲ್ಲಿ 'ದಿ ಲೈಫ್‌ಸ್ಪ್ಯಾನ್ ಆಫ್ ಎ ಫ್ಯಾಕ್ಟ್' ಎಂಬ ಪುಸ್ತಕವಾಯಿತು. ನಡುವೆ ಪ್ರಬಂಧ, ಸುತ್ತಲೂ ತಕರಾರು. ಮೂಲದ ಸುತ್ತ ಟೀಕು ಹೆಣೆದ ಹಳೆಯ ಗ್ರಂಥಗಳ ಹಾಗೆಯೇ. ಇಲ್ಲಿನ ಟೀಕಾಕಾರನಿಗೆ ಮೂಲದ ಮೇಲೆ ನಂಬಿಕೆಯಿಲ್ಲ, ಅಷ್ಟೆ.

ಊರಿನಲ್ಲಿದ್ದ ನಗ್ನನೃತ್ಯದ ಕ್ಲಬ್ಬುಗಳು 31. ಡಗಾಟ ಬರೆದದ್ದು 34. ಯಾಕೆಂದರೆ ವಾಕ್ಯದ ಲಯಕ್ಕೆ ಅದೇ ಹೊಂದುತ್ತದಂತೆ! ಇದಕ್ಕೆ ನಕ್ಕು ಮುಂದೆ ಹೋಗಬಹುದು. ಬೀಳಲು ಹಿಡಿದ 8 ಸೆಕೆಂಡು 9 ಆದದ್ದನ್ನೂ ಹೇಗೋ ಸಹಿಸಿಕೊಂಡೆ. ಆದರೆ ಅದೇ ದಿನ ಆ ಊರಿನಲ್ಲಿ ಇನ್ನೊಂದು ಜೀವವೂ ಎತ್ತರದಿಂದ ಬಿದ್ದೇ ಹೋಗಿತ್ತು. ಹುಡುಗನ ಸಾವು ಒಂಟಿಯಾಗಿ ಎದ್ದು ಕಾಣಲೆಂದು ಡಗಾಟ ಆ ಸಾವಿನ ಬಗೆಯನ್ನೇ ಬದಲಿಸಿಬಿಟ್ಟ. ಒಬ್ಬರಿಗಾಗಿ ಮರುಗಲು ಇನ್ನೊಬ್ಬರ ಸಾವನ್ನು ತಿದ್ದುವ ಗದ್ಯ ಎಷ್ಟು ಚೆಂದವಿದ್ದರೇನು? ನನಗೆ ಪುಸ್ತಕ ಮುರಿದದ್ದು ಅಲ್ಲಿ.

ತಾನು ಪತ್ರಕರ್ತನಲ್ಲ, ಪ್ರಬಂಧಕಾರ ಎಂಬುದು ಅವನ ಜವಾಬು. ತೀರ ತಳ್ಳಿಹಾಕುವ ಮಾತಲ್ಲ. 'ಹಳ್ಳಿಯ ಚಿತ್ರಗಳು' ಓದುತ್ತ ನಾವು ಗೊರೂರರಿಗೆ ಸಾಕ್ಷಿ ಕೇಳುವುದಿಲ್ಲ. ಅಲ್ಲಿ ಉತ್ಪ್ರೇಕ್ಷೆ ನಮ್ಮೆದುರೇ ನಗುತ್ತ ಕೂತಿರುತ್ತದೆ. ಡಗಾಟನ ಅಂಕಿಗಳು ಮಾತ್ರ ವರದಿಯ ಅಂಗಿ ತೊಟ್ಟು ಬರುತ್ತವೆ. ವರದಿಗೆ ಸಿಗುವ ನಂಬಿಕೆಯೂ ಬೇಕು, ಕಥೆಗಿರುವ ಸಲಿಗೆಯೂ ಬೇಕು. ಕ್ರಿಯೇಟಿವ್ ನಾನ್‌ಫಿಕ್ಷನ್ ಎಂಬ ವಿಶಾಲವಾದ ಮನೆಯಲ್ಲಿ ಸಾಹಿತ್ಯಕ ಪತ್ರಿಕೋದ್ಯಮವೂ ಒಂದು ಕೋಣೆ, ನಿಜ. ಆದರೆ ಅದರ ಬಾಗಿಲಲ್ಲಿ ಫಿಂಗಲ್‌ನಂಥವನೊಬ್ಬ ಕೂತಿರುತ್ತಾನೆ.

ಕಾದಂಬರಿಕಾರನೇ ಆಗಿದ್ದ ಜಾನ್ ಹರ್ಸಿ 'ಹಿರೋಶಿಮಾ' ಬರೆದಾಗ, 1946ರ ಆಗಸ್ಟ್ 31ರ ನ್ಯೂಯಾರ್ಕರ್ ಇಡೀ ಸಂಚಿಕೆಯನ್ನೇ ಅದಕ್ಕೆ ಬಿಟ್ಟುಕೊಟ್ಟಿತು. ಬದುಕುಳಿದ ಆರು ಜನ, ಅವರವರ ಆ ಬೆಳಗು. ದೃಶ್ಯ ಕಟ್ಟುವ ಕೈ ಕಾದಂಬರಿಯದು, ದನಿ ಮಾತ್ರ ತಣ್ಣಗೆ. ಲಯಕ್ಕಾಗಿ ಅಲ್ಲಿ ಯಾವ ಸಂಖ್ಯೆಯೂ ಮಿಸುಕಬೇಕಾಗಲಿಲ್ಲ.

ಡಗಾಟನ ಪುಸ್ತಕಕ್ಕೆ ಇನ್ನೊಂದು ತಿರುವಿದೆ. ಅಂಚಿನ ಆ ಮಾತುಕತೆಯೂ ನಡೆದದ್ದು ನಡೆದಂತೆ ಅಚ್ಚಾದದ್ದಲ್ಲ, ಬಹುಪಾಲು ಪುಸ್ತಕಕ್ಕೆಂದೇ ಹೊಸದಾಗಿ ಹೊಸೆದದ್ದು. ಫಿಂಗಲ್‌ನ ಪಕ್ಷ ವಹಿಸಿ ಪುಟಪುಟಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಇದು ತಿಳಿದ ಮೇಲೆ ರಬ್ಬರು ಹಿಡಿದು ಕೂತೆ, ಅಳಿಸಲಿಲ್ಲ.