ತನ್ನವರ ತಪ್ಪಿನ ಲೆಕ್ಕ : ‘ದಿ ಬ್ರೋಕನ್ ಪಾಮೈರಾ’ ಒಂದು ವಿಮರ್ಶೆ

ಪರರ ದೋಷಗಳನ್ನು ಎಣಿಸುವ ಗ್ರಂಥಗಳಿಗೆ ಲೋಕದಲ್ಲಿ ಎಂದೂ ಕೊರತೆಯಿಲ್ಲ. ಯುದ್ಧಕಾಲದಲ್ಲಂತೂ ಅವು ಹೇರಳವಾಗಿ ಹುಟ್ಟುತ್ತವೆ. ಆದರೆ ತನ್ನ ಜನರ ತಪ್ಪನ್ನು, ತನ್ನ ಊರಿನಲ್ಲಿಯೇ ಕುಳಿತು, ಬಂದೂಕು ಹಿಡಿದವರ ಕಣ್ಣೆದುರಿಗೇ ಬರೆದಿಡುವ ಗ್ರಂಥಗಳು ಅತಿ ವಿರಳ. ಶ್ರೀಲಂಕೆಯ ತಮಿಳರ ಸಂಕಟವನ್ನು ಕುರಿತ ‘ದಿ ಬ್ರೋಕನ್ ಪಾಮೈರಾ’ ಅಂತಹ ವಿರಳ ಗ್ರಂಥಗಳಲ್ಲೊಂದು. 1990ರಲ್ಲಿ ಪ್ರಕಟವಾದ ಈ ಇಂಗ್ಲಿಷ್ ಗ್ರಂಥದ ಹೆಸರಿಗೆ ‘ಮುರಿದ ತಾಳೆಮರ’ ಎಂದರ್ಥ. ತಾಳೆಮರವು ಜಾಫ್ನಾ ನೆಲದ ಗುರುತು. ಮುರಿದದ್ದು ಆ ಸಮಾಜದ ಬೆನ್ನೆಲುಬು.

ಗ್ರಂಥಕರ್ತರು ನಾಲ್ವರು : ರಾಜನ್ ಹೂಲ್, ದಯಾ ಸೋಮಸುಂದರಂ, ಕೆ. ಶ್ರೀಧರನ್ ಮತ್ತು ರಜನಿ ತಿರಣಗಾಮ. ನಾಲ್ವರೂ ಜಾಫ್ನಾ ವಿಶ್ವವಿದ್ಯಾನಿಲಯದ ಅಧ್ಯಾಪಕರು. ರಜನಿ ಅವರು ಅಂಗರಚನಾಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದವರು. ಒಂದು ಕಾಲದಲ್ಲಿ ಎಲ್‌ಟಿಟಿಇಗೆ ನಿಕಟರಾಗಿದ್ದು, ಅದರ ಹಿಂಸಾಮಾರ್ಗವನ್ನು ಕಂಡು ದೂರ ಸರಿದವರು. ಆದುದರಿಂದ ಇದು ಹೊರಗಿನವರ ತೀರ್ಪಲ್ಲ, ಮನೆಯೊಳಗಿನವರ ಸಾಕ್ಷ್ಯ.

ತಮಿಳರಿಗೆ ಆದ ಅನ್ಯಾಯವನ್ನು ಗ್ರಂಥವು ಕಿಂಚಿತ್ತೂ ಮರೆಮಾಚುವುದಿಲ್ಲ. 1981ರಲ್ಲಿ ಜಾಫ್ನಾ ಸಾರ್ವಜನಿಕ ಗ್ರಂಥಾಲಯ ಬೆಂಕಿಗೆ ಆಹುತಿಯಾದದ್ದು, 1983ರ ಜುಲೈ ತಿಂಗಳಲ್ಲಿ ಕೊಲಂಬೊ ಮೊದಲಾದೆಡೆ ತಮಿಳರ ಮೇಲೆ ನಡೆದ ಹತ್ಯಾಕಾಂಡ, ಇವೆಲ್ಲ ಆ ದುರಂತದ ಕಾರಣಗಳು. 1983ರ ನಂತರ ಸಾವಿರಾರು ತರುಣರು ಓದು ಬಿಟ್ಟು ಬಂದೂಕು ಹಿಡಿದರು. ಎಲ್‌ಟಿಟಿಇ, ಟೆಲೋ, ಪ್ಲೋಟ್, ಇಪಿಆರ್‌ಎಲ್‌ಎಫ್, ಈರೋಸ್ ಎಂಬ ಐದು ಸಂಘಟನೆಗಳು ಪ್ರಬಲವಾದವು. ಗುರಿ ಒಂದೇ, ಭಾಷೆ ಒಂದೇ, ಶತ್ರುವೂ ಒಬ್ಬನೇ. ಆದರೂ ಅವುಗಳ ನಡುವೆ ನಂಬಿಕೆಯಿರಲಿಲ್ಲ. 1982ರ ಮೇ 19ರಂದೇ ಎಲ್‌ಟಿಟಿಇಯ ಪ್ರಭಾಕರನ್ ಮತ್ತು ಅವರಿಂದ ಬೇರೆಯಾಗಿ ಪ್ಲೋಟ್ ಕಟ್ಟಿದ ಉಮಾ ಮಹೇಶ್ವರನ್ ಮದ್ರಾಸಿನ ಪಾಂಡಿ ಬಜಾರಿನಲ್ಲಿ ಪರಸ್ಪರ ಗುಂಡು ಹಾರಿಸಿಕೊಂಡಿದ್ದರು.

1985ರ ಏಪ್ರಿಲ್‌ನಲ್ಲಿ ಪ್ಲೋಟ್ ಹೊರತು ಉಳಿದ ನಾಲ್ಕು ಸಂಘಟನೆಗಳು ಒಂದೇ ಒಕ್ಕೂಟದಲ್ಲಿ ಸೇರಿದವು. ಒಂದು ವರ್ಷ ತುಂಬುವಷ್ಟರಲ್ಲಿ, 1986ರ ಏಪ್ರಿಲ್ 29ರಂದು, ಎಲ್‌ಟಿಟಿಇ ತನ್ನ ಒಕ್ಕೂಟದ ಸಹಭಾಗಿಯಾದ ಟೆಲೋ ಮೇಲೆ ಎರಗಿತು. ಕೆಲವೇ ದಿನಗಳಲ್ಲಿ ಟೆಲೋದ ನೂರಕ್ಕೂ ಹೆಚ್ಚು ಮಂದಿ ಹತರಾದರು. ಮೇ 6ರಂದು ಅದರ ನಾಯಕ ಶ್ರೀ ಸಬಾರತ್ನಂ ಕೊಲೆಯಾದರು. ದೇಹಗಳನ್ನು ಬೀದಿಯ ಕೂಡುದಾರಿಗಳಲ್ಲಿ, ಜನರ ಎದುರಿಗೇ ಸುಡಲಾಯಿತು. ಸತ್ತವರಲ್ಲಿ ಅನೇಕರು ದೂರದ ಪೂರ್ವ ಪ್ರಾಂತದಿಂದ ಬಂದ ಹುಡುಗರು. ಅಡಗಿಕೊಳ್ಳಲು ಅವರಿಗೆ ಜಾಫ್ನಾದಲ್ಲಿ ಬಂಧುಗಳ ಮನೆಯೂ ಇರಲಿಲ್ಲ. ಅದೇ ವರ್ಷದ ಕೊನೆಗೆ ಪ್ಲೋಟ್ ಉತ್ತರದಲ್ಲಿ ತನ್ನ ಚಟುವಟಿಕೆಯನ್ನು ನಿಲ್ಲಿಸಬೇಕಾಯಿತು. ಡಿಸೆಂಬರಿನಲ್ಲಿ ಇಪಿಆರ್‌ಎಲ್‌ಎಫ್‌ಗೂ ಟೆಲೋದ ಗತಿಯೇ ಬಂತು.

ಟೆಲೋ ದರೋಡೆಯಲ್ಲಿ ತೊಡಗಿದೆ, ಪರರಾಷ್ಟ್ರದ ಕೈಗೊಂಬೆಯಾಗಿದೆ ಎಂಬುದು ಕೊಂದವರ ಸಮರ್ಥನೆಯಾಗಿತ್ತು. ಸತ್ತವರನ್ನು ನಿರ್ದೋಷಿಗಳೆಂದು ಚಿತ್ರಿಸಿ ಇದಕ್ಕೆ ಉತ್ತರ ಕೊಡುವ ಸುಲಭ ದಾರಿಯನ್ನು ಗ್ರಂಥವು ಹಿಡಿಯುವುದಿಲ್ಲ. ಆ ದಾಳಿಗೆ ಸ್ವಲ್ಪ ಮುಂಚೆ ಟೆಲೋದಲ್ಲಿಯೇ ಒಡಕು ಹುಟ್ಟಿ, ಅದರ ಪ್ರಮುಖನಾದ ದಾಸ್ ಎಂಬಾತ ಜಾಫ್ನಾ ಆಸ್ಪತ್ರೆಯಲ್ಲಿ ಸ್ವಪಕ್ಷದವರ ಗುಂಡಿಗೇ ಬಲಿಯಾಗಿದ್ದ. ಪ್ಲೋಟ್‌ನ ಶಿಬಿರಗಳಲ್ಲಿಯೂ ಇದೇ ರೋಗವಿತ್ತು; ಅಲ್ಲಿಂದ ಹೊರಬಂದ ಗೋವಿಂದನ್ ಎಂಬ ಲೇಖಕರು 1985ರಲ್ಲಿಯೇ ‘ಪುದಿಯದೋರ್ ಉಲಗಂ’ ಎಂಬ ತಮಿಳು ಕಾದಂಬರಿಯ ಮೂಲಕ ಅದನ್ನು ಬಯಲಿಗೆಳೆದಿದ್ದರು. ಅಂದರೆ ಕೊಂದವರು, ಸತ್ತವರು ಇಬ್ಬರೂ ಒಂದೇ ಪಾಠಶಾಲೆಯ ಶಿಷ್ಯರು; ಒಬ್ಬರು ಪಾಠವನ್ನು ಹೆಚ್ಚು ಚೆನ್ನಾಗಿ ಕಲಿತಿದ್ದರು, ಅಷ್ಟೇ ವ್ಯತ್ಯಾಸ.

ಆ ಪಾಠ ಯಾವುದು? ಗ್ರಂಥದ ನಿಜವಾದ ಹಿರಿಮೆ ಈ ಪ್ರಶ್ನೆಯಲ್ಲಿದೆ. 1975ರ ಜುಲೈ 27ರಂದು ಜಾಫ್ನಾದ ಮೇಯರ್ ಆಲ್ಫ್ರೆಡ್ ದೊರೈಯಪ್ಪ ಅವರನ್ನು ಒಂದು ದೇವಾಲಯದ ಬಾಗಿಲಲ್ಲಿ ಕೊಲ್ಲಲಾಯಿತು. ಅವರೂ ತಮಿಳರೇ. ಅವರಿಗೆ ಹೊರಿಸಿದ್ದ ಹೆಸರು ‘ದ್ರೋಹಿ’. ಅಂದಿನ ಸಭ್ಯ ರಾಜಕಾರಣಿಗಳ ವೇದಿಕೆಗಳಲ್ಲಿ ಆ ಶಬ್ದ ಧಾರಾಳವಾಗಿ ಬಳಕೆಯಾಗುತ್ತಿತ್ತು. ಶಬ್ದವನ್ನು ಹಿರಿಯರು ಕೊಟ್ಟರು, ಗುಂಡನ್ನು ಕಿರಿಯರು ಹಾರಿಸಿದರು, ಊರು ಮೌನವಾಗಿ ಒಪ್ಪಿತು. ದ್ರೋಹಿಯನ್ನು ವಿಚಾರಣೆಯಿಲ್ಲದೆ ಕೊಲ್ಲಬಹುದೆಂದು ಒಮ್ಮೆ ಒಪ್ಪಿದ ಮೇಲೆ, ಯಾರು ದ್ರೋಹಿ ಎಂದು ನಿರ್ಣಯಿಸುವ ಅಧಿಕಾರ ಬಂದೂಕಿರುವವನಿಗೆ ಸೇರುತ್ತದೆ. 1986ರ ಬೆಂಕಿಯ ಕಿಡಿ 1975ರದು. ಅಂತಃಕಲಹವು ಹೋರಾಟಕ್ಕೆ ಆಕಸ್ಮಿಕವಾಗಿ ತಗುಲಿದ ಕಳಂಕವಲ್ಲ. ಮೊದಲ ಕೊಲೆಯನ್ನು ಒಪ್ಪಿಕೊಂಡಾಗಲೇ ಬರೆದುಕೊಟ್ಟ ಸಾಲಪತ್ರದ ಬಡ್ಡಿ. 1989ರ ಜುಲೈ 13ರಂದು ಕೊಲಂಬೊದಲ್ಲಿ, ಅಂತಹ ವೇದಿಕೆಗಳ ಹಿರಿಯ ನಾಯಕರಾಗಿದ್ದ ಅಮೃತಲಿಂಗಂ ಅವರೂ ಅದೇ ಹಣೆಪಟ್ಟಿ ಹೊತ್ತು ಗುಂಡಿಗೆ ಬಲಿಯಾದದ್ದು ಈ ಮಾತಿಗೆ ಕ್ರೂರ ನಿದರ್ಶನ.

ಗ್ರಂಥವು ಭಾರತೀಯ ವಾಚಕರಿಗೂ ಹಿತವಾದ ಮಾತನ್ನು ಆಡುವುದಿಲ್ಲ. ಈ ಸಂಘಟನೆಗಳಿಗೆ ಶಸ್ತ್ರವಿದ್ಯೆ ಕಲಿಸಿದ್ದು ಭಾರತವೇ. 1987ರ ಅಕ್ಟೋಬರಿನಲ್ಲಿ ಶಾಂತಿಪಾಲನೆಗೆಂದು ಹೋದ ಭಾರತೀಯ ಪಡೆಯು ಯುದ್ಧಕ್ಕಿಳಿದಾಗ ಜಾಫ್ನಾದ ಸಾಮಾನ್ಯ ಜನ ಅನುಭವಿಸಿದ ಯಾತನೆ ಇಲ್ಲಿ ದಾಖಲಾಗಿದೆ. ಆ ಯುದ್ಧದಲ್ಲಿ ಸ್ತ್ರೀಯರ ಸ್ಥಿತಿಯನ್ನು ಕುರಿತು ರಜನಿ ಬರೆದ ಅಧ್ಯಾಯ ಗ್ರಂಥದಲ್ಲೆಲ್ಲ ಮನಕಲಕುವ ಭಾಗ. ಒಂದು ಬಂದೂಕನ್ನು ಖಂಡಿಸಿ ಮತ್ತೊಂದನ್ನು ಕ್ಷಮಿಸುವ ಪಕ್ಷಪಾತ ಅವರಲ್ಲಿಲ್ಲ.

ಗ್ರಂಥದಲ್ಲಿ ಕೊರತೆಗಳಿಲ್ಲವೆಂದಲ್ಲ. ಅಪಾಯದ ದಿನಗಳಲ್ಲಿ, ಹಲವು ಕೈಗಳಿಂದ ಬರೆದದ್ದಾದ್ದರಿಂದ ನಿರೂಪಣೆ ಏಕರೂಪವಾಗಿಲ್ಲ. ಕೆಲವೆಡೆ ಎಡಪಂಥೀಯ ಪರಿಭಾಷೆಯ ಭಾರದಿಂದ ಸರಳ ಸತ್ಯವೂ ಕ್ಲಿಷ್ಟವಾಗುತ್ತದೆ. ಇವು ಕ್ಷಮಿಸಬಹುದಾದ ದೋಷಗಳು. ಗಂಭೀರವಾದ ಆಕ್ಷೇಪ ಬೇರೊಂದಿದೆ. ಜಾಫ್ನಾದ ಮಧ್ಯಮವರ್ಗದ ಮೌನವನ್ನು ಗ್ರಂಥವು ಕಟುವಾಗಿ ನಿಂದಿಸುತ್ತದೆ. ಮಕ್ಕಳೊಂದಿಗನಾದ ಗೃಹಸ್ಥನು, ಬೀದಿಯಲ್ಲಿ ಹೆಣ ಉರಿಯುತ್ತಿರುವಾಗ ಬಾಯಿ ತೆರೆಯದಿದ್ದರೆ ಅದು ಅಪರಾಧವೇ? ಭಯದ ಮೌನವನ್ನೂ ಸಮ್ಮತಿಯ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ಈ ಭೇದವನ್ನು ಗ್ರಂಥಕರ್ತರು ಇನ್ನಷ್ಟು ಸ್ಪಷ್ಟವಾಗಿ ವಿವೇಚಿಸಬೇಕಿತ್ತು. ಆದರೂ ಅವರ ನಿಂದೆ ಪೂರ್ತಿ ಅಪಾರ್ಥವಲ್ಲ. ಹಿಂಸೆಯನ್ನು ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು, ಇವು ಮೂರೂ ಬಂಧಕವೆಂದು ತಿಳಿದವರು ಈ ಮಾತನ್ನು ಕಡೆಗಣಿಸಲಾರರು. 1986ರಲ್ಲಿ ಮೌನವಾಗಿದ್ದವರು ಭಯಪಟ್ಟವರಿರಬಹುದು. 1975ರಲ್ಲಿ ‘ದ್ರೋಹಿಗೆ ತಕ್ಕ ಶಾಸ್ತಿ’ ಎಂದು ಒಳಗೊಳಗೇ ತೃಪ್ತಿಪಟ್ಟವರಿಗೆ ಭಯದ ಕಾರಣವಿರಲಿಲ್ಲ. ಬಾಯಿ ತೆರೆದರೆ ಫಲವಿದ್ದ ಕಾಲ ಅದು. ಆಗ ಸುಮ್ಮನಿದ್ದವರಿಗೆ, ಮಾತಾಡಬೇಕೆನಿಸಿದ ಹೊತ್ತಿಗೆ ಮಾತಿನ ಬೆಲೆ ಪ್ರಾಣವಾಗಿತ್ತು.

ಆ ಬೆಲೆಯನ್ನು ತೆತ್ತವರು ರಜನಿ. ಗ್ರಂಥ ಅಚ್ಚಾಗಿ ಹೊರಬರುವ ಮೊದಲೇ, 1989ರ ಸೆಪ್ಟೆಂಬರ್ 21ರಂದು, ವಿಶ್ವವಿದ್ಯಾನಿಲಯದಿಂದ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರಿಗೆ 35 ವರ್ಷ. ಇಬ್ಬರು ಹೆಣ್ಣುಮಕ್ಕಳ ತಾಯಿ. ಅವರ ಸಹಲೇಖಕರು ಇದರ ಹೊಣೆಯನ್ನು ಎಲ್‌ಟಿಟಿಇ ಮೇಲೆ ಹೊರಿಸಿದರು. ಮುಂದೆ ಹೂಲ್ ಮತ್ತು ಶ್ರೀಧರನ್ ಮಾನವ ಹಕ್ಕುಗಳ ದಾಖಲೆಯ ಕಾರ್ಯವನ್ನು ಭೂಗತರಾಗಿದ್ದುಕೊಂಡೇ ಮುಂದುವರಿಸಿದರು. 2007ರಲ್ಲಿ ಅವರಿಗೆ ಮಾರ್ಟಿನ್ ಎನ್ನಲ್ಸ್ ಪ್ರಶಸ್ತಿ ಸಂದಿತು.

ಎಲ್ಲ ಪ್ರತಿಸ್ಪರ್ಧಿಗಳನ್ನೂ ಅಳಿಸಿ ‘ಏಕತೆ’ ಸಾಧಿಸಿದ ಸಂಘಟನೆಗಾದರೂ ಶಾಂತಿ ದೊರೆಯಿತೇ? 2004ರ ಮಾರ್ಚಿನಲ್ಲಿ ಅದರ ಪೂರ್ವ ಪ್ರಾಂತದ ದಂಡನಾಯಕ ಕರುಣಾ ಬೇರೆಯಾದ. ಏಪ್ರಿಲ್‌ನಲ್ಲಿ ವೆರುಗಲ್ ನದಿಯ ಬಳಿ ಹುಲಿಗಳೇ ಹುಲಿಗಳನ್ನು ಕೊಂದರು. ಹೊರಗಿನ ದ್ರೋಹಿಗಳು ಮುಗಿದಾಗ ಒಳಗಿನಿಂದ ದ್ರೋಹಿಗಳು ಹುಟ್ಟಿದರು. 2009ರ ಮೇ ತಿಂಗಳಲ್ಲಿ ಎಲ್ಲವೂ ಮುಗಿದಾಗ, ಕಡಲಂಚಿನ ಇಕ್ಕಟ್ಟಿನ ನೆಲದಲ್ಲಿ ಸಿಕ್ಕಿಬಿದ್ದ ಅಸಂಖ್ಯ ನಿರಪರಾಧಿಗಳೂ ಅಳಿದಿದ್ದರು.

ಬರತಕ್ಕ ಬಾಕಿಯನ್ನಷ್ಟೇ ಬರೆದು, ಕೊಡತಕ್ಕ ಬಾಕಿಯನ್ನು ಬಿಟ್ಟ ಖಾತೆಯನ್ನು ಯಾವ ವರ್ತಕನೂ ನಂಬುವುದಿಲ್ಲ. ತನಗಾದ ಅನ್ಯಾಯವನ್ನು ಬರೆಯುವ ಸಮಾಜವು ತಾನು ಮಾಡಿದ, ತಾನು ಒಪ್ಪಿದ ಅನ್ಯಾಯವನ್ನೂ ಅದೇ ಪುಟದ ಎದುರು ಬದಿಗೆ ಬರೆಯಬೇಕು. ‘ದಿ ಬ್ರೋಕನ್ ಪಾಮೈರಾ’ ಆ ಎರಡೂ ಬದಿಗಳನ್ನು ತುಂಬಿದ ಖಾತೆ. ಅದನ್ನು ಬರೆದ ನಾಲ್ಕು ಕೈಗಳಲ್ಲಿ ಒಂದು, ಆ ಪುಟವನ್ನು ಮುಗಿಸುವಷ್ಟರಲ್ಲಿ ತಣ್ಣಗಾಗಿತ್ತು.